'ಹೋಮ್' ಕಂತು ನೋಡಿ ಊಟ ಸೇರಲಿಲ್ಲ ಅಂದವರಿಗೆ

ನೀವು ಕೇಳಿದ್ದು ಇದು: "ದಿ ಎಕ್ಸ್-ಫೈಲ್ಸ್ ಟಿವಿ ಸರಣಿಯನ್ನು ಮೊದಲಿಂದ ನೋಡುತ್ತಾ ನಾಲ್ಕನೇ ಸೀಸನ್‌ಗೆ ಬಂದಿದ್ದೇನೆ. 'ಹೋಮ್' ಕಂತು ನೋಡಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಜೊತೆಯಲ್ಲಿ ನೋಡಿದ ಗೆಳೆಯನಿಗೆ ಏನೂ ಅನಿಸಲಿಲ್ಲವಂತೆ. ಬೇರೆಯವರಿಗೂ ಹೀಗೆ ಆಗಿದೆಯಾ? ಅದರಲ್ಲಿ ಅಂಥದ್ದೇನಿದೆ?"

ಆಗಿದೆ. ನನಗೇ ಆಗಿದೆ. ಮೊದಲ ಸಲ ನಾನು ಅದನ್ನು ರಾತ್ರಿ ಒಬ್ಬನೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಹಿಂದಿನ ಮೂರು ಸೀಸನ್ ಮುಗಿಸಿದ್ದೆ. ಇನ್ನು ಯಾವುದಕ್ಕೂ ಹೆದರುವುದಿಲ್ಲ ಅನ್ನುವ ಧೈರ್ಯ ಇತ್ತು. ಅರ್ಧಕ್ಕೆ ನಿಲ್ಲಿಸಿ ಎದ್ದು ದೀಪ ಹಾಕಿದೆ. ಉಳಿದರ್ಧ ನೋಡಿದ್ದು ಮರುದಿನ ಮಧ್ಯಾಹ್ನ. ಹಾಗಾಗಿ ನಿಮ್ಮ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ.

ಈ ಕಂತು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂದದ್ದು 1996ರ ಅಕ್ಟೋಬರ್ 11ರಂದು, ಶುಕ್ರವಾರ ರಾತ್ರಿ. ಶುರುವಾಗುವ ಮೊದಲು ತೆರೆಯ ಮೇಲೆ ಒಂದು ಎಚ್ಚರಿಕೆ ಬಂತು. ಈ ಸರಣಿಯಲ್ಲಿ ಹಾಗೆ ಎಚ್ಚರಿಕೆ ಹಾಕಿದ್ದು ಅದೇ ಮೊದಲು. ಅಲ್ಲಿನ ಟಿವಿ ಕಾರ್ಯಕ್ರಮಗಳಿಗೆ ವಯಸ್ಸಿನ ಗುರುತು ಹಾಕುವ ಪದ್ಧತಿ ಆಗ ಇನ್ನೂ ಬಂದಿರಲಿಲ್ಲ, ಅದು ಶುರುವಾದದ್ದು 1997ರ ಜನವರಿಯಲ್ಲಿ. ಅಂದು ಸುಮಾರು 1.88 ಕೋಟಿ ಜನ ನೋಡಿದರು. ಆಮೇಲೆ ಮೂರು ವರ್ಷ ಫಾಕ್ಸ್ ಇದನ್ನು ಮತ್ತೆ ತೋರಿಸಲೇ ಇಲ್ಲ. 1999ರ ಹ್ಯಾಲೋವೀನ್ ಹೊತ್ತಿಗೆ ಮಾತ್ರ ಮರುಪ್ರಸಾರ ಆಯಿತು.

ಆದರೆ ಈ ಮೂರು ವರ್ಷದ ನಡುವೆ ಇನ್ನೊಂದು ನಡೆಯಿತು. 1997ರಲ್ಲಿ ಎಫ್‌ಎಕ್ಸ್ ವಾಹಿನಿ ಅಭಿಮಾನಿಗಳು ಆರಿಸಿದ ಕಂತುಗಳನ್ನು ಸಾಲಾಗಿ ತೋರಿಸಿತು. ಅದರಲ್ಲಿ ಮೊದಲ ಸ್ಥಾನ 'ಹೋಮ್'ಗೇ ಸಿಕ್ಕಿತು. ಒಂದು ವಾಹಿನಿ ಒಳಗೆ ಇಟ್ಟು ಬೀಗ ಹಾಕಿದ ಕಂತನ್ನೇ ಜನ ಎಲ್ಲಕ್ಕಿಂತ ಮೇಲೆ ಕೂರಿಸಿದರು. ನೀವು ಮತ್ತು ನಿಮ್ಮ ಗೆಳೆಯ ಈಗ ಮಾಡುತ್ತಿರುವ ಜಗಳ ಅವತ್ತಿನಿಂದಲೂ ನಡೆಯುತ್ತಿದೆ, ಅಲ್ವಾ?

ನೋಡದವರು ಇದನ್ನು ಓದುತ್ತಿದ್ದರೆ ಕಥೆ ಚಿಕ್ಕದಾಗಿ ಹೇಳುತ್ತೇನೆ. ಮುಂದೆ ಓದಿದರೆ ಕೊನೆಯೂ ಗೊತ್ತಾಗುತ್ತದೆ, ಬೇಡವಾದವರು ಇಲ್ಲಿಗೇ ನಿಲ್ಲಿಸಿ. ಪೆನ್ಸಿಲ್ವೇನಿಯಾದ ಹೋಮ್ ಅನ್ನುವ ಸಣ್ಣ ಊರು. ಮಕ್ಕಳು ಬೇಸ್‌ಬಾಲ್ ಆಡುವ ಜಾಗದಲ್ಲಿ ಹೂತಿಟ್ಟ ಹಸುಗೂಸಿನ ಹೆಣ ಸಿಗುತ್ತದೆ. ಕೂಸಿನ ಮೈಯಲ್ಲಿ ಹುಟ್ಟಿನಿಂದಲೇ ಬಂದ ಊನಗಳು ಒಂದೆರಡಲ್ಲ. ತನಿಖೆಗೆ ಸರಣಿಯ ಮುಖ್ಯ ಪಾತ್ರಗಳಾದ ಎಫ್‌ಬಿಐ ಅಧಿಕಾರಿಗಳು ಮಲ್ಡರ್ ಮತ್ತು ಸ್ಕಲ್ಲಿ ಬರುತ್ತಾರೆ. ಪಕ್ಕದ ತೋಟದ ಮನೆಯಲ್ಲಿ ಪೀಕಾಕ್ ಕುಟುಂಬದ ಮೂವರು ಅಣ್ಣತಮ್ಮಂದಿರಿದ್ದಾರೆ. ಕರೆಂಟಿಲ್ಲ, ನಲ್ಲಿಯಿಲ್ಲ, ಊರಿನವರ ಸಂಪರ್ಕವಿಲ್ಲ. ಅವರ ಕುಟುಂಬದಲ್ಲಿ ತಲೆಮಾರುಗಳಿಂದ ತಮ್ಮತಮ್ಮೊಳಗೇ ಮಕ್ಕಳಾಗಿವೆ. ಯಾವಳೋ ಹೆಂಗಸನ್ನು ಇವರು ಕೂಡಿಹಾಕಿರಬೇಕು ಎಂದು ಸ್ಕಲ್ಲಿ ಊಹಿಸುತ್ತಾಳೆ. ಹುಡುಕಿಕೊಂಡು ಮನೆಯೊಳಗೆ ಹೋದರೆ ಮಂಚದ ಕೆಳಗೆ ಕೈಕಾಲಿಲ್ಲದ ಒಬ್ಬ ಹೆಂಗಸು ಇದ್ದಾಳೆ. ಕಾರು ಅಪಘಾತದಲ್ಲಿ ಸತ್ತಳೆಂದು ಎಲ್ಲರೂ ಅಂದುಕೊಂಡಿದ್ದ ಅವರ ತಾಯಿ ಅವಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮಗೆ ಊಟ ಸೇರಲಿಲ್ಲ ಅಂದಿರಿ, ಭಯ ಆಯಿತು ಅನ್ನಲಿಲ್ಲ. ಅದು ಮುಖ್ಯ. ಭಯ ಬೇರೆ, ಹೇಸಿಗೆ ಬೇರೆ. ಭಯವಾದರೆ ಎದೆ ಡವಗುಟ್ಟುತ್ತದೆ, ಓಡಬೇಕು ಅನಿಸುತ್ತದೆ. ಅಪಾಯ ಹೋದ ಮೇಲೆ ಭಯವೂ ಹೋಗುತ್ತದೆ. ಒಮ್ಮೊಮ್ಮೆ ಆಮೇಲೆ ಖುಷಿ ಕೂಡ ಆಗುತ್ತದೆ. ಹೇಸಿಗೆ ಹಾಗಲ್ಲ. ಅದು ಹೊಟ್ಟೆಗೆ ಇಳಿಯುತ್ತದೆ. ಮೈಗೆ ಏನೋ ಅಂಟಿಕೊಂಡ ಹಾಗೆ, ತೊಳೆದರೂ ಹೋಗದ ಹಾಗೆ. ಇದೇ ಸರಣಿಯ ಮೊದಲ ಸೀಸನ್‌ನಲ್ಲಿ ಯೂಜೀನ್ ಟೂಮ್ಸ್ ಬರುತ್ತಾನಲ್ಲ, ಮೈಯನ್ನು ರಬ್ಬರಿನಂತೆ ಎಳೆದುಕೊಂಡು ಕಿಂಡಿಯೊಳಗೆ ನುಗ್ಗಿ ಜನರ ಯಕೃತ್ತು ತಿನ್ನುವವನು. ಅವನನ್ನು ಬರೆದದ್ದೂ 'ಹೋಮ್' ಬರೆದ ಗ್ಲೆನ್ ಮಾರ್ಗನ್ ಮತ್ತು ಜೇಮ್ಸ್ ವಾಂಗ್ ಅವರೇ. ಟೂಮ್ಸ್ ನೋಡಿ ಬೆಚ್ಚಿಬಿದ್ದಿದ್ದೇನೆ, ಆದರೆ ನಿದ್ದೆ ಕೆಟ್ಟಿಲ್ಲ. ಅವನು ನಮ್ಮ ಜಾತಿಯ ಪ್ರಾಣಿಯಲ್ಲ ಎಂದು ಮನಸ್ಸು ಬೇಗ ತೀರ್ಮಾನಿಸಿಬಿಡುತ್ತದೆ. ಪೀಕಾಕ್ ಮನೆಯಲ್ಲಿ ಆ ಸಮಾಧಾನ ಸಿಗುವುದಿಲ್ಲ. ಅಲ್ಲಿರುವುದು ಅಮ್ಮ, ಮಕ್ಕಳು, ಮನೆ.

ನಿಮ್ಮ ಗೆಳೆಯ ಬಹುಶಃ ಭಯಕ್ಕಾಗಿ ಕಾದು ಕೂತಿದ್ದರು. ಭಯದ ಲೆಕ್ಕದಲ್ಲಿ ನೋಡಿದರೆ ಈ ಕಂತಿನಲ್ಲಿ ದಿಢೀರ್ ಬೆಚ್ಚಿಸುವ ಜಾಗಗಳು ಕಡಿಮೆ. ಅವರು ಸುಳ್ಳು ಹೇಳುತ್ತಿಲ್ಲ. ನೀವೂ ಅತಿ ಮಾಡುತ್ತಿಲ್ಲ.

ಎಲ್ಲರ ನೆನಪಿನಲ್ಲೂ ಉಳಿಯುವುದು ಶೆರಿಫ್ ಮನೆಯ ದೃಶ್ಯ. ಊರಿನ ಪೊಲೀಸ್ ಮುಖ್ಯಸ್ಥನಾದ ಈ ಶೆರಿಫ್ ಆಂಡಿ ಟೇಲರ್ ಒಳ್ಳೆಯ ಮನುಷ್ಯ. ಬಾಗಿಲಿಗೆ ಬೀಗ ಹಾಕದ ಊರು ತನ್ನದು ಅನ್ನುವ ಹೆಮ್ಮೆ ಅವನಿಗೆ. ಅವತ್ತು ರಾತ್ರಿ ಪಿಸ್ತೂಲು ತೆಗೆದು ನೋಡಿ ಮತ್ತೆ ಇಟ್ಟುಬಿಡುತ್ತಾನೆ. ಅಣ್ಣತಮ್ಮಂದಿರು ಹಳೆಯ ದೊಡ್ಡ ಬಿಳಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಬರುತ್ತಾರೆ. ಹಿನ್ನೆಲೆಯಲ್ಲಿ 1950ರ ದಶಕದ ಒಂದು ಮಧುರವಾದ ಪ್ರೇಮಗೀತೆ. ಅದನ್ನು ಮೊದಲು ಹಾಡಿ ಹೆಸರಾದವರು ಜಾನಿ ಮ್ಯಾಥಿಸ್. ಕಂತಿನಲ್ಲಿ ಏನಿದೆ ಎಂದು ತಿಳಿದ ಮೇಲೆ ಅವರು ತಮ್ಮ ದನಿ ಬಳಸಲು ಒಪ್ಪಲಿಲ್ಲ. ಬೇರೆ ಗಾಯಕರಿಂದ ಅದೇ ಹಾಡನ್ನು ಅದೇ ಧಾಟಿಯಲ್ಲಿ ಹಾಡಿಸಿಕೊಂಡರು. ನೀವು ಕೇಳಿದ್ದು ಆ ದನಿ.

ನಾನು ಈ ದೃಶ್ಯವನ್ನು ಒಮ್ಮೆ ಸದ್ದು ಪೂರ್ತಿ ತೆಗೆದು ನೋಡಿದ್ದೇನೆ. ಒಂದು ಕಾರು ಬರುತ್ತದೆ, ಮೂವರು ಇಳಿಯುತ್ತಾರೆ, ಕತ್ತಲು, ಹೊಡೆತ. ಕ್ರೂರವೇ, ಆದರೆ ತಡೆದುಕೊಳ್ಳಬಹುದು. ಸದ್ದು ಹಾಕಿದ ತಕ್ಷಣ ತಡೆಯಲು ಆಗುವುದಿಲ್ಲ. ಹಾಡು ಒಂದೇ ಸಮ ಸಂತೋಷದಿಂದ ಸಾಗುತ್ತಿರುತ್ತದೆ. ಕೊಲೆ ನಡೆದರೂ ಅದು ನಿಲ್ಲುವುದಿಲ್ಲ, ನಡುಗುವುದೂ ಇಲ್ಲ. ಸಾಮಾನ್ಯವಾಗಿ ಹಿನ್ನೆಲೆ ಸಂಗೀತ ನೋಡುವವರ ಪರವಾಗಿ ಅಳುತ್ತದೆ, ಹೆದರುತ್ತದೆ. ಇಲ್ಲಿ ನಮ್ಮ ಪರವಾಗಿ ಯಾರೂ ಇಲ್ಲ. ಶೆರಿಫ್‌ನ ಹೆಂಡತಿ ಮಂಚದ ಕೆಳಗೆ ಅವಿತು ಎಲ್ಲ ಕೇಳಿಸಿಕೊಳ್ಳುತ್ತಾಳೆ. ನಾವೂ ಅವಳ ಜೊತೆ ಅಲ್ಲೇ ಇರುತ್ತೇವೆ. ಆಮೇಲೆ ಇನ್ನೊಂದು ಮನೆಯ ಮಂಚದ ಕೆಳಗೆ ಏನಿದೆ ಎಂದು ಕಂಡಾಗ ಈ ದೃಶ್ಯ ಮತ್ತೆ ನೆನಪಿಗೆ ಬರುತ್ತದೆ. ಎರಡೂ ಮಂಚ, ಎರಡೂ ಕಡೆ ಹೆಂಗಸು. ನಿರ್ದೇಶಕ ಕಿಮ್ ಮ್ಯಾನರ್ಸ್ ಕೆಲಸದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಆದರೂ ಊಟ ಸೇರದ ಹಾಗೆ ಮಾಡುವುದು ಕೊಲೆ ಅಲ್ಲ ಅನ್ನುವುದು ನನ್ನ ನಂಬಿಕೆ. ಅದನ್ನು ಮಾಡುವುದು ತಾಯಿ.

ಸ್ಕಲ್ಲಿಯ ಜೊತೆ ನಾವೂ ಅರ್ಧ ಗಂಟೆ ಒಬ್ಬ ಬಂಧಿಯನ್ನು ಹುಡುಕಿರುತ್ತೇವೆ. ಪಾಪ, ಯಾರೋ ಒಬ್ಬಳು ಆ ನರಕದಲ್ಲಿ ಸಿಕ್ಕಿಬಿದ್ದಿದ್ದಾಳೆ, ಬಿಡಿಸಬೇಕು ಎಂದು ಮನಸ್ಸು ಒದ್ದಾಡಿರುತ್ತದೆ. ಆ ಮರುಕವೇ ಇಷ್ಟೆಲ್ಲ ಕೊಳಕಿನ ನಡುವೆ ನಮ್ಮನ್ನು ಮುಂದಕ್ಕೆ ಎಳೆದಿರುತ್ತದೆ. ಸ್ಕಲ್ಲಿ ಬಗ್ಗಿ, ಮೆಲ್ಲಗೆ ಮಾತಾಡಿಸಿ, ನಿಮ್ಮನ್ನು ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾಳೆ. ಆಗ ಗೊತ್ತಾಗುತ್ತದೆ, ಅವಳಿಗೆ ಹೋಗುವುದು ಬೇಕಿಲ್ಲ. ಅದು ಅವಳ ಮನೆ. ಮಕ್ಕಳು ಅವಳ ಮಾತಿನಂತೆ ನಡೆಯುತ್ತಾರೆ. ನಿನಗೆ ಮಕ್ಕಳಿಲ್ಲ, ಅದಕ್ಕೇ ಇದು ತಿಳಿಯುವುದಿಲ್ಲ ಎಂದು ಅವಳು ಸ್ಕಲ್ಲಿಗೆ ಹೇಳುವ ಜಾಗದಲ್ಲಿ ನನ್ನ ಮೈ ಜುಂ ಅಂದಿತು. ಅಷ್ಟು ಹೊತ್ತು ಹಿಡಿದುಕೊಂಡಿದ್ದ ಮರುಕವನ್ನು ಎಲ್ಲಿ ಇಡಬೇಕು ಎಂದು ತೋಚುವುದಿಲ್ಲ. ವಾಪಸ್ ತೆಗೆದುಕೊಳ್ಳೋಣ ಅಂದರೆ ಅವಳ ಸ್ಥಿತಿ ಕಣ್ಣೆದುರಿಗೇ ಇದೆ. ಕೊಡೋಣ ಅಂದರೆ ಅವಳಿಗೆ ಬೇಡ. ಕೊನೆಗೆ ದೊಡ್ಡ ಮಗನ ಜೊತೆ ಕಾರಿನ ಡಿಕ್ಕಿಯಲ್ಲಿ ತಪ್ಪಿಸಿಕೊಂಡು ಹೋಗುವಾಗಲೂ ಅವಳು ಹೊಸ ಮನೆ, ಹೊಸ ಕುಟುಂಬದ ಮಾತಾಡುತ್ತಾಳೆ. ಪ್ರೀತಿಯಿಂದಲೇ ಮಾತಾಡುತ್ತಾಳೆ. ಕರಿನ್ ಕೊನೋವಲ್ ಆ ಪಾತ್ರವನ್ನು ಬರೀ ಮುಖ ಮತ್ತು ದನಿಯಲ್ಲಿ ನಿಭಾಯಿಸಿದ್ದಾರೆ. ಅರಚಾಟಕ್ಕಿಂತ ಆ ಮೆತ್ತಗಿನ ಮಾತು ಜಾಸ್ತಿ ಕಾಡುತ್ತದೆ.

ಇನ್ನೊಂದು ಕಾರಣವೂ ಇದೆ. ಒಡಹುಟ್ಟಿದವರ ನಡುವೆ, ತಾಯಿ ಮಕ್ಕಳ ನಡುವೆ ಅಂಥ ಸಂಬಂಧ ಅಂದರೆ ಮನುಷ್ಯರಿಗೆ ಸಾಮಾನ್ಯವಾಗಿ ಹೇಸಿಗೆ ಆಗುತ್ತದೆ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲ ಎಂದು ಫಿನ್‌ಲೆಂಡಿನ ವಿದ್ವಾಂಸ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಬರೆದಿದ್ದರು. ಅವರ ಹೆಸರಿನಿಂದಲೇ ಆ ವಿಚಾರವನ್ನು ಈಗಲೂ ಕರೆಯುತ್ತಾರೆ. ಅಂದರೆ ಈ ಹೇಸಿಗೆ ನಮ್ಮೊಳಗೆ ತುಂಬ ಆಳದಲ್ಲಿದೆ. ಕಂತು ನೇರವಾಗಿ ಅದಕ್ಕೇ ಕೈ ಹಾಕುತ್ತದೆ. ಆದರೆ ಅದರಲ್ಲಿ ತೋರಿಸಿದ ವಿಜ್ಞಾನವನ್ನು ಹಾಗೇ ನಂಬಬೇಡಿ. ಹತ್ತಿರದ ರಕ್ತಸಂಬಂಧಿಗಳಿಗೆ ಹುಟ್ಟುವ ಮಗುವಿಗೆ ಒಂದೇ ದೋಷವಿರುವ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ. ಕೆಲವು ಕಾಯಿಲೆಗಳು ಹಾಗೆ ಹೊರಗೆ ಬರುತ್ತವೆ. ಅಪಾಯ ಇದೆ, ನಿಜ. ಆದರೆ ರಾಕ್ಷಸರ ಮುಖ, ರಾಕ್ಷಸರ ಬಲ, ಕೊಲ್ಲುವ ಬುದ್ಧಿ, ಇದೆಲ್ಲ ಕಟ್ಟಿದ ಕಥೆ.

ಈ ಕಂತಿನ ಬಗ್ಗೆ ನನಗೆ ಬೇಸರ ಇರುವುದೂ ಇಲ್ಲಿಯೇ. ಮುಖ ವಿಕಾರವಾಗಿದ್ದರೆ ಮನಸ್ಸೂ ವಿಕಾರ ಎನ್ನುವ ಹಳೆಯ ಲೆಕ್ಕ ಇದರಲ್ಲಿದೆ. ಹಳ್ಳಿಯ ಬಡವರು ಅಂದರೆ ಪ್ರಾಣಿಗಳ ಹಾಗೆ ಅನ್ನುವ ಲೆಕ್ಕವೂ ಇದೆ. ಕೈಕಾಲಿಲ್ಲದ ದೇಹವನ್ನು ನಮ್ಮನ್ನು ಬೆಚ್ಚಿಸಲಿಕ್ಕೆ ಇಟ್ಟಿದ್ದಾರೆ. ಚಾರ್ಲಿ ಚಾಪ್ಲಿನ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ವೇಲ್ಸ್‌ನ ಒಂದು ಗಣಿ ಊರಿನಲ್ಲಿ ಉಳಿದುಕೊಂಡಿದ್ದಾಗ ಆ ಮನೆಯಲ್ಲಿದ್ದ ಕಾಲಿಲ್ಲದ ಯುವಕನನ್ನು ಅವರಿಗೆ ತೋರಿಸಿದರಂತೆ. ಮಂಚದ ಕೆಳಗಿನ ತಾಯಿಯ ಕಲ್ಪನೆಗೆ ಮಾರ್ಗನ್ ಅವರಿಗೆ ಬೀಜ ಸಿಕ್ಕಿದ್ದು ಆ ಪ್ರಸಂಗದಿಂದ. ಚಾಪ್ಲಿನ್ ಹೇಳಿದ್ದು ಒಬ್ಬ ಮನುಷ್ಯನ ಬಗ್ಗೆ. ಟಿವಿಗೆ ಬರುವ ಹೊತ್ತಿಗೆ ಅದು ಬೆಚ್ಚಿಬೀಳಿಸುವ ವಸ್ತುವಾಯಿತು. ಇಂಥ ದೇಹದೊಂದಿಗೆ ಬದುಕುವವರು ಈ ಕಂತು ನೋಡಿ ನೊಂದುಕೊಂಡರೆ ಅದು ಪೂರ್ತಿ ನ್ಯಾಯ. ತಾಯಿಗೆ ಸ್ವಂತ ಇಚ್ಛೆ, ಸ್ವಂತ ಮಾತು ಕೊಟ್ಟಿದ್ದಾರೆ ಅನ್ನುವುದು ಮಾತ್ರ ನನ್ನನ್ನು ಮತ್ತೆ ಯೋಚಿಸುವಂತೆ ಮಾಡುತ್ತದೆ. ಗಂಡುಮಕ್ಕಳಿಗೆ ಅದನ್ನೂ ಕೊಡಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಸರಣಿಯ ಅತಿ ಗಟ್ಟಿ ಕಂತುಗಳಲ್ಲಿ ಇದನ್ನು ಸೇರಿಸುತ್ತೇನೆ. ಎರಡೂ ಮಾತು ನನ್ನವೇ, ಯಾವುದನ್ನೂ ಬಿಟ್ಟುಕೊಡಲು ಆಗುತ್ತಿಲ್ಲ.

ಮುಂದೆ ನೋಡಬೇಕಾ ಬೇಡವಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆದರದೆ ಮುಂದುವರಿಸಿ. ಇಷ್ಟು ಕೆಳಗೆ ಇಳಿಯುವ ಕಂತು ಈ ಸರಣಿಯಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಇದನ್ನೇ ಮತ್ತೆ ನೋಡುವ ಮನಸ್ಸಾದರೆ ಅವಸರ ಬೇಡ, ಸರಣಿ ಮುಗಿಯಲಿ. ಗೆಳೆಯನಿಗೂ ಹೇಳಿ, ಆಗ ಇಬ್ಬರೂ ಮತ್ತೆ ಕೂತು ನೋಡಿ. ಶುರುವಿನಲ್ಲಿ ಮಲ್ಡರ್ ಮತ್ತು ಸ್ಕಲ್ಲಿ ಬೆಂಚಿನ ಮೇಲೆ ಕೂತು ಮಾತಾಡುವ ಒಂದು ದೃಶ್ಯ ಇದೆ. ಮಕ್ಕಳ ಬಗ್ಗೆ ಮಾತು ಬರುತ್ತದೆ. ಅವಳನ್ನು ಒಬ್ಬ ತಾಯಿಯಾಗಿ ಇದುವರೆಗೆ ಊಹಿಸಿಕೊಂಡೇ ಇರಲಿಲ್ಲ ಎಂದು ಮಲ್ಡರ್ ಹೇಳುತ್ತಾನೆ. ಮೊದಲ ಸಲ ನೋಡುವಾಗ ಅದು ಸುಮ್ನೆ ಒಂದು ಹಿತವಾದ ಹರಟೆ. ಸ್ಕಲ್ಲಿಗೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಬರುವುದು ಎಷ್ಟೋ ಕಂತುಗಳ ನಂತರ. ಅದು ಗೊತ್ತಿದ್ದು ಎರಡನೇ ಸಲ ನೋಡಿದಾಗ ನಾನು ನಿಲ್ಲಿಸಿದ್ದು ಶೆರಿಫ್ ಮನೆಯಲ್ಲಿ ಅಲ್ಲ, ಆ ಬೆಂಚಿನ ಹತ್ತಿರ.