ಮಂಚದ ಕಾಲಿನಿಂದ ಬಂದ ಜೀರುಂಡೆ

ಪ್ರಶ್ನೆ: ನಮ್ಮ ಮರದ ಮಂಚಕ್ಕೆ ನಾಲ್ಕು ವರ್ಷ. ಮೊನ್ನೆ ಅದರ ಕಾಲಿನಲ್ಲಿ ಒಂದು ತೂತು ಕಂಡಿತು. ಪಕ್ಕದಲ್ಲೇ ಮೈಗಿಂತ ಉದ್ದದ ಮೀಸೆಯ ಕಂದು ಜೀರುಂಡೆ. ಹಿಡಿದರೆ ಕಿರ್ರ್ ಎಂದಿತು. ಇದು ಹೇಗೆ ಒಳಗೆ ಬಂತು? ಮನೆಯ ಮರವನ್ನೆಲ್ಲ ತಿನ್ನುತ್ತದೆಯೇ?

ಉತ್ತರ: ಅದು ಒಳಗೆ ಬಂದಿದ್ದಲ್ಲ, ಮಂಚದೊಳಗಿಂದ ಹೊರಗೆ ಬಂದಿದ್ದು! ಉದ್ದಮೀಸೆ ಜೀರುಂಡೆಗಳ ಕುಟುಂಬಕ್ಕೆ ಸೆರಾಂಬಿಸಿಡೆ ಎಂದು ಹೆಸರು. 35,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಮರ ಕಡಿದು ಇನ್ನೂ ತೊಗಟೆ ಇದ್ದಾಗ ಹೆಣ್ಣು ಬಂದು ಸಂದಿಯಲ್ಲಿ ಮೊಟ್ಟೆಯಿಟ್ಟಿರುತ್ತದೆ. ಹುಟ್ಟಿದ ಬಿಳಿ ಹುಳು ಒಳಕ್ಕೆ ಕೊರೆದುಕೊಂಡು ಹೋಗುತ್ತದೆ. ಕಾಲು ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು, ದವಡೆ ಮಾತ್ರ ಭಾರೀ ಗಟ್ಟಿ. ಬಡಗಿಯ ಗರಗಸ ಅದನ್ನು ತಪ್ಪಿಸಿಕೊಂಡು ಹೋಗಿದೆ, ಅಷ್ಟೇ.

ಹಾಗಾದರೆ ಇಷ್ಟು ವರ್ಷ ಏನು ಮಾಡುತ್ತಿತ್ತು? ತಿನ್ನುತ್ತಿತ್ತು. ಹಸಿ ಮರದಲ್ಲಿ ಅನೇಕ ಪ್ರಭೇದಗಳು ಒಂದರಿಂದ ಮೂರು ವರ್ಷದಲ್ಲಿ ಬೆಳೆದುಬಿಡುತ್ತವೆ. ಒಣಮರದಲ್ಲಿ ನೀರೂ ಇಲ್ಲ, ಸತ್ವವೂ ಇಲ್ಲ. ಹುಳು ನಿಧಾನವಾಗಿ ಬೆಳೆಯುತ್ತಾ ದಿನ ದೂಡುತ್ತದೆ. ಪೀಠೋಪಕರಣದಿಂದ ದಶಕಗಳ ನಂತರ ಜೀರುಂಡೆ ಹೊರಬಂದ ದಾಖಲೆಗಳಿವೆ. ನಿಮ್ಮದು ನಾಲ್ಕೇ ವರ್ಷ, ಅವಸರದ ಪ್ರಾಣಿ ಅನ್ನಬೇಕು.

ನಾನೂ ಬಿದ್ದ ಕೊಂಬೆಗಳನ್ನು ತಂದು ಬಲೆ ಬಿಗಿದ ಡಬ್ಬಗಳಲ್ಲಿ ತುಂಬಿಡುತ್ತೇನೆ. ಯಾವಾಗ ಏನು ಹೊರಬರುತ್ತದೋ ನೋಡಬೇಕು ಅಂತ. ಮನೆಯವರ ಲೆಕ್ಕದಲ್ಲಿ ಅದು ಕಸ. ತಿಂಗಳುಗಟ್ಟಲೆ ಬರೀ ಪುಡಿ ಉದುರುತ್ತದೆ. ಆಮೇಲೊಂದು ದಿನ ಹೊರಬಂದ ಜೀರುಂಡೆ ಕೆಲವೇ ವಾರ ಬದುಕಿ, ಜೋಡಿ ಹುಡುಕಿ, ಸಾಯುತ್ತದೆ. ದಕ್ಷಿಣ ಅಮೆರಿಕದ ಟೈಟನ್ ಜೀರುಂಡೆ 16 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ಆದರೆ ಹೊರಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಜೀವನ.

ಕಿರ್ರ್ ಸದ್ದು ಬಾಯಿಂದಲ್ಲ. ಕುತ್ತಿಗೆಯ ಹಿಂದಿನ ಅಂಚನ್ನು ಅದರ ಕೆಳಗಿನ ಗೀರುಗೀರಾದ ಜಾಗಕ್ಕೆ ಉಜ್ಜುತ್ತದೆ, ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಹಿಡಿದವರು ಬೆಚ್ಚಿ ಬಿಡಲಿ ಅಂತ.

ಮಂಚದ ಭಯ ಬೇಡ. ಬಹುಪಾಲು ಪ್ರಭೇದಗಳಿಗೆ ಮೊಟ್ಟೆಯಿಡಲು ತೊಗಟೆ ಬೇಕು. ಪಾಲಿಶ್ ಮಾಡಿದ ಮರ ಅವುಗಳಿಗೆ ಬೇಡ. ಹೈಲೋಟ್ರೂಪಿಸ್ ಎಂಬ ಮನೆ ಜೀರುಂಡೆ ಮಾತ್ರ ಬೇರೆ. ಪೈನ್‌ನಂಥ ಮೆದು ಮರ ಒಣಗಿದ್ದರೂ ಅದರ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮಂಚ ಪೈನ್‌ನದ್ದಾಗಿದ್ದು ಒಳಗಿಂದ ಕೆರೆಯುವ ಸದ್ದು ಕೇಳಿದರೆ ಗೆದ್ದಲಿನ ಔಷಧಿ ಹೊಡೆಯುವವರನ್ನು ಕರೆಸಿ. ಇಲ್ಲದಿದ್ದರೆ ತೂತಿಗೆ ಮೇಣ ತುಂಬಿ, ಸಾಕು.

ಪ್ರಶ್ನೆ: ಇವು ಮರಕ್ಕೆ ಶತ್ರು ತಾನೆ? ಕಂಡಲ್ಲಿ ಕೊಲ್ಲಬೇಕಲ್ವಾ?

ಉತ್ತರ: ಯಾವ ಮರ ಎಂದು ಮೊದಲು ಕೇಳಿ. ಬಹಳಷ್ಟು ಪ್ರಭೇದಗಳು ಸತ್ತ, ಸಾಯುತ್ತಿರುವ ಮರಕ್ಕೇ ಹೋಗುತ್ತವೆ. ಅವು ಕೊರೆದ ಸುರಂಗಗಳಲ್ಲಿ ಶಿಲೀಂಧ್ರ ಹೊಕ್ಕು ಮರ ಮಣ್ಣಾಗುತ್ತದೆ. ನೀಲಿ-ಕಪ್ಪು ಬಣ್ಣದ ರೊಸಾಲಿಯಾ ಜೀರುಂಡೆಗೆ ಯುರೋಪಿನಲ್ಲಿ ಕಾನೂನಿನ ರಕ್ಷಣೆಯೇ ಇದೆ.

ಜೀವಂತ ಮರ ಕೊರೆಯುವ ಕೆಲವರು ಮಾತ್ರ ನಿಜವಾಗಿ ತಲೆನೋವು. ಚೀನಾ ಕಡೆಯ ಒಂದು ಪ್ರಭೇದ 1996ರಲ್ಲಿ ನ್ಯೂಯಾರ್ಕ್‌ನ ಮೇಪಲ್ ಮರಗಳಲ್ಲಿ ಸಿಕ್ಕಿತು. ಸರಕಿನ ಮರದ ಪೆಟ್ಟಿಗೆಗಳಲ್ಲಿ ಇಂಥವು ಊರೂರು ದಾಟುತ್ತವೆ. ಅದಕ್ಕೇ ಈಗ ಅಂಥ ಮರವನ್ನು ಒಳಗಿನ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಬಿಸಿ ಮಾಡುವ ಅಂತರರಾಷ್ಟ್ರೀಯ ನಿಯಮವಿದೆ. ಪೈನ್ ಮರಗಳನ್ನು ಒಣಗಿಸುವ ಸೂಕ್ಷ್ಮ ಜಂತುಹುಳುವನ್ನು ಮರದಿಂದ ಮರಕ್ಕೆ ಹೊರುವವರೂ ಇದೇ ಕುಟುಂಬದವರು.

ಪ್ರಶ್ನೆ: ಮೀಸೆಯಿಂದ ಕುಟುಕುತ್ತದೆಯೇ?

ಉತ್ತರ: ನಿಮ್ಮ ಕೈಗೆ ಸಿಗುವುದು ಕುಟುಕುವುದಿಲ್ಲ, ದವಡೆಯಿಂದ ಚಿವುಟಬಹುದು. ಮೀಸೆಯ ತುದಿಯಲ್ಲಿ ವಿಷದ ಮುಳ್ಳಿರುವುದು ದಕ್ಷಿಣ ಅಮೆರಿಕದ ಒನಿಕೋಸೆರಸ್ ಅಲ್ಬಿಟಾರ್ಸಿಸ್‌ಗೆ. ಅದು ಚೇಳಿನಂತೆ ಕುಟುಕುತ್ತದೆ.