ಸಾಲಿನಲ್ಲಿ ನಿಂತೇ ಮುಗಿಯುವ ಆಟದ ಪೀರಿಯಡ್

ಪ್ರಶ್ನೆ: ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ಒಂಬತ್ತನೇ ತರಗತಿಯಲ್ಲಿ 45 ಮಕ್ಕಳಿದ್ದಾರೆ. ನಮ್ಮಲ್ಲಿರುವುದು ಎರಡೇ ವಾಲಿಬಾಲ್, 40 ನಿಮಿಷದ ಪೀರಿಯಡ್. ಹತ್ತು ಹನ್ನೆರಡು ಹುಡುಗರು ಆಡುತ್ತಾರೆ; ಉಳಿದವರು, ಅದರಲ್ಲೂ ಹುಡುಗಿಯರು, ಕಟ್ಟೆಯ ಮೇಲೆ ಕೂರುತ್ತಾರೆ. ಮಳೆಗಾಲದಲ್ಲಂತೂ ಮೈದಾನವೇ ಸಿಗುವುದಿಲ್ಲ. ಇದು ಮಕ್ಕಳ ನಿರಾಸಕ್ತಿಯೋ, ನನ್ನ ಕಲಿಸುವ ಕ್ರಮದ ದೋಷವೋ?

ಉತ್ತರ: ಆಸಕ್ತಿಯ ವಿಚಾರಕ್ಕಿಂತ ಮೊದಲು ಸಮಯದ ಲೆಕ್ಕ ನೋಡೋಣ. ಎರಡು ಚೆಂಡಿಗೆ ಎರಡು ಸಾಲು ಮಾಡಿ, ಒಬ್ಬೊಬ್ಬರಿಗೆ 10 ಸೆಕೆಂಡಿನಂತೆ ಸರ್ವಿಸ್ ಮಾಡಿಸಿದರೆ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ ಬೇಕು. ಹಾಜರಿ, ವಾರ್ಮಪ್, ವಿವರಣೆ ಕಳೆದು 20 ನಿಮಿಷ ಉಳಿಯಿತೆಂದರೂ ಪ್ರತಿ ಮಗುವಿಗೆ ಸಿಗುವುದು ಐದು ಸರದಿ, ಅಂದರೆ ಒಂದು ನಿಮಿಷಕ್ಕಿಂತಲೂ ಕಡಿಮೆ. ಅಷ್ಟಕ್ಕಾಗಿ ಇಡೀ ಪೀರಿಯಡ್ ಬಿಸಿಲಲ್ಲಿ ನಿಲ್ಲಲು ಯಾರಿಗೆ ತಾನೇ ಉತ್ಸಾಹವಿದ್ದೀತು?

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡ್ಯಾರಿಲ್ ಸೀಡೆಂಟಾಪ್ ಮತ್ತು ಸಂಗಡಿಗರು ದೈಹಿಕ ಶಿಕ್ಷಣದಲ್ಲಿ ಅಳೆಯಲು ಹೊರಟದ್ದು ಇದನ್ನೇ. ವೇಳಾಪಟ್ಟಿಯಲ್ಲಿರುವ ಸಮಯ ಬೇರೆ, ಮಗು ಚಟುವಟಿಕೆಯಲ್ಲಿ ತೊಡಗಿರುವ ಸಮಯ ಬೇರೆ. ಅದರೊಳಗೂ ತನ್ನ ಶಕ್ತಿಗೆ ತಕ್ಕ ಕೆಲಸವನ್ನು ಬಹುಪಾಲು ಯಶಸ್ವಿಯಾಗಿ ಮಾಡುವ ಸಮಯ ಇನ್ನೂ ಬೇರೆ, ಕಲಿಕೆಗೆ ಒದಗುವುದು ಈ ಕೊನೆಯದೇ ಎಂಬುದು ಅವರ ನಿಲುವು. 1983ರಲ್ಲಿ ಟೂಸಿನ್ಯಾಂ ಅವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಗಲಾಟೆ ಮಾಡದೆ, ಸಾಲಿನಲ್ಲಿ ಶಿಸ್ತಾಗಿದ್ದುಕೊಂಡೇ ತಮ್ಮ ಸರದಿ ಬಂದಾಗ ಮೆಲ್ಲನೆ ಹಿಂದೆ ಸರಿಯುವ ಮಕ್ಕಳನ್ನು ಅವರು ಗುರುತಿಸಿದರು. ಇಂಥವರನ್ನು ಜಾಣ ಪ್ರೇಕ್ಷಕರೆನ್ನಬಹುದು. ಕಟ್ಟೆಯ ಮೇಲೆ ಕುಳಿತವರಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದಾರೆ, ಇವರು ಬೀಳುವುದಿಲ್ಲ.

ಆದ್ದರಿಂದ ಸಾಲನ್ನು ಒಡೆಯಿರಿ. ಮೂವರಿಗೊಂದು ಗುಂಪು ಮಾಡಿ, ವಾಲಿಬಾಲ್ ಸಾಲದಿದ್ದಲ್ಲಿ ಟೆನಿಸ್ ಚೆಂಡು, ಬಟ್ಟೆ ಸುತ್ತಿ ಹೊಲಿದ ಚೆಂಡು ಕೊಡಿ. ಅಂಕಣದ ಗುರುತಿಗೆ ಅಡಿಕೆ ಹಾಳೆಯ ತಟ್ಟೆಗಳು ಧಾರಾಳವಾಗಿ ಸಾಕು. ಖೊಖೊ ನಮ್ಮ ಪ್ರೀತಿಯ ಆಟವೇ ಆದರೂ ಅದರಲ್ಲಿ ಒಬ್ಬ ಓಡುವಾಗ ಎಂಟು ಜನ ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು. ಅಭ್ಯಾಸಕ್ಕೆ ನಾಲ್ಕೇ ಜನ ಕೂರುವ ಚಿಕ್ಕ ಅಂಕಣಗಳು ಮೇಲು. ಇಂಗ್ಲೆಂಡಿನ ದೈಹಿಕ ಶಿಕ್ಷಣ ತಜ್ಞರಾದ ಬಂಕರ್ ಮತ್ತು ಥಾರ್ಪ್ 1982ರಲ್ಲಿ ಸೂಚಿಸಿದಂತೆ, ಕೌಶಲವನ್ನೆಲ್ಲ ಮೊದಲು ಕಲಿಸಿ ಕೊನೆಗೆ ಆಟಕ್ಕೆ ಬಿಡುವ ಬದಲು, ಮೂವರ ಎದುರು ಮೂವರ ಕಬಡ್ಡಿಯಿಂದಲೇ ತರಗತಿ ಆರಂಭಿಸಿ, ರೈಡರ್ ಯಾಕೆ ಸಿಕ್ಕಿಬಿದ್ದ ಎಂದು ಮಕ್ಕಳನ್ನೇ ಕೇಳಿದರೆ ಕಾಲಿನ ಚಲನೆ ಕಲಿಯುವ ಅಗತ್ಯ ಅವರಿಗೇ ತಿಳಿಯುತ್ತದೆ.

ಹುಡುಗಿಯರ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಮನಶ್ಶಾಸ್ತ್ರಜ್ಞರಾದ ಡೆಸಿ ಮತ್ತು ರಯನ್ ಅವರ ಪ್ರೇರಣಾ ಸಿದ್ಧಾಂತದ ಪ್ರಕಾರ ಮನುಷ್ಯನಿಗೆ ಆಯ್ಕೆ, 'ನನ್ನಿಂದಾಗುತ್ತದೆ' ಎಂಬ ಅನುಭವ, ಜೊತೆಗಾರರ ಒಡನಾಟ ಮೂರೂ ಬೇಕು. ಎಲ್ಲರೆದುರು ನಾಯಕರಿಂದ ತಂಡ ಆರಿಸುವ ಪದ್ಧತಿಯಲ್ಲಿ ಕೊನೆಗೆ ಉಳಿಯುವ ಮಗುವಿಗೆ ಈ ಮೂರೂ ಒಮ್ಮೆಲೇ ತಪ್ಪುತ್ತವೆ. ಅದನ್ನು ನಿಲ್ಲಿಸಿ. ಎರಡು ಚಟುವಟಿಕೆಗಳಲ್ಲಿ ಒಂದನ್ನು ಆರಿಸಲು ಬಿಡಿ. ಮುಟ್ಟಿನ ದಿನಗಳಲ್ಲಿ ಕಾರಣ ಹೇಳಬೇಕಾಗದಂತೆ ಹಗುರ ಕೆಲಸವೊಂದು ಸದಾ ಲಭ್ಯವಿರಲಿ.

ಮಳೆಗೆ ಜಗುಲಿಯೇ ಗತಿ. ಪಾಚಿಗಟ್ಟಿದ ಅಂಗಳದಲ್ಲಿ ಓಡಿಸುವ ಸಾಹಸ ಬೇಡ. ಸ್ಕಿಪ್ಪಿಂಗ್, ಯೋಗಾಸನ, ಜೋಡಿಯಾಗಿ ಚೆಂಡು ಹಿಡಿಯುವ ಅಭ್ಯಾಸಕ್ಕೆ ಅಲ್ಲಿ ಜಾಗವಿದೆ.

ಬದಲಾವಣೆಗೆ ಮುನ್ನ, ಒಂದು ವಾರ ಪ್ರತಿ ಪೀರಿಯಡ್‌ನಲ್ಲೂ ಮೂವರು ಮಕ್ಕಳನ್ನು ಅವರಿಗೆ ತಿಳಿಯದಂತೆ ಗಮನಿಸಿ, ನಿಜವಾಗಿ ಆಡಿದ ನಿಮಿಷಗಳನ್ನು ಬರೆದಿಡಿ. ಆ ಮೂವರಲ್ಲಿ ಒಬ್ಬರು ತಾಲ್ಲೂಕು ಕ್ರೀಡಾಕೂಟಕ್ಕೆ ಆಯ್ಕೆಯಾಗುವವರಾಗಿರಲಿ, ಒಬ್ಬರು ಕಟ್ಟೆಯವರು, ಇನ್ನೊಬ್ಬರು ಸಾಲಿನ ಮಧ್ಯದಲ್ಲಿ ಸುಮ್ಮನೆ ನಿಲ್ಲುವವರು.