ಮಾಡ್ಯೂಲ್‌ನ ಹೊಟ್ಟೆಯಲ್ಲಿರುವುದು ಯಾವ ಆವೃತ್ತಿ?

ಪ್ರಶ್ನೆ: ಬಡ್ಡಿ ಲೆಕ್ಕದ ಒಂದು ಕೋಬಾಲ್ ಉಪಪ್ರೋಗ್ರಾಂ ಹತ್ತು ಮುಖ್ಯ ಮಾಡ್ಯೂಲ್‌ಗಳಿಗೆ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿದೆ, ಅಂದರೆ ಪ್ರತಿಯೊಂದರೊಳಗೂ ಅದರ ಒಂದು ಪ್ರತಿ ಇದೆ. ಯಾವುದರಲ್ಲಿ ಹಳೆಯದು ಉಳಿದಿದೆ ಎಂದು ತಿಳಿಯುವುದು ಹೇಗೆ? ವರ್ಕಿಂಗ್-ಸ್ಟೋರೇಜ್‌ನಲ್ಲಿ (ಪ್ರೋಗ್ರಾಂನ ಡೇಟಾ ಭಾಗದಲ್ಲಿ) ಆವೃತ್ತಿ ಸಂಖ್ಯೆ ಬರೆದಿಟ್ಟರೆ ಸಾಲದೆ?

ಉತ್ತರ: ಸಾಲದು, ಹಾಗೆಂದು ಬಿಡಲೂಬೇಡಿ. ಮೊದಲು ಈಗಿರುವ ಹತ್ತನ್ನು ನೋಡಿ. ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಝಡ್/ಓಎಸ್‌ನಲ್ಲಿ ಪ್ರತಿ ಸಿಸೆಕ್ಟ್‌ನ (ಮಾಡ್ಯೂಲ್‌ನೊಳಗಿನ ಒಂದು ಪ್ರೋಗ್ರಾಂ ತುಂಡು) ಜೊತೆಗೂ ಐಡಿಆರ್ ಎಂಬ ಗುರುತಿನ ದಾಖಲೆ ಇರುತ್ತದೆ. ಕಂಪೈಲರ್ ತನ್ನ ಉತ್ಪನ್ನ ಸಂಖ್ಯೆಯನ್ನೂ ಕಂಪೈಲ್ ಆದ ದಿನಾಂಕವನ್ನೂ ಅಲ್ಲಿ ತಾನಾಗಿಯೇ ಬರೆದಿರುತ್ತದೆ. ಮಾಡ್ಯೂಲ್‌ನ ವಿವರ ಮುದ್ರಿಸುವ ಎಎಂಬಿಲಿಸ್ಟ್ ಓಡಿಸಿ, ಅದಕ್ಕೆ ಆದೇಶ ಕೊಡುವ ಸಿಸ್‌ಇನ್‌ನಲ್ಲಿ ಎರಡನೇ ಕಾಲಂನಿಂದ ಲಿಸ್ಟ್‌ಐಡಿಆರ್ ಆದೇಶ, ಮೆಂಬರ್ (ಲೈಬ್ರರಿಯಲ್ಲಿರುವ ಮಾಡ್ಯೂಲ್) ಹೆಸರು, ಲೋಡ್ ಲೈಬ್ರರಿಯ ಡಿಡಿ ಹೆಸರು (ಜಾಬ್‌ನಲ್ಲಿ ಆ ಲೈಬ್ರರಿಯನ್ನು ಸೂಚಿಸುವ ಹೆಸರು) ಕೊಡಿ. ಹತ್ತರಲ್ಲಿ ಯಾವುದು ಹಿಂದೆ ಬಿದ್ದಿದೆ ಎಂದು ದಿನಾಂಕವೇ ಹೇಳುತ್ತದೆ.

ಆದರೆ ದಿನಾಂಕ ಆವೃತ್ತಿಯಲ್ಲ. ಹಳೆಯ ಸೋರ್ಸನ್ನು ನಿನ್ನೆ ಕಂಪೈಲ್ ಮಾಡಿದ್ದರೂ ನಿನ್ನೆಯದೇ ಕಾಣುತ್ತದೆ. ಮುಂದಕ್ಕೆ, ಆಬ್ಜೆಕ್ಟ್‌ಗಳನ್ನು ಜೋಡಿಸಿ ಮಾಡ್ಯೂಲ್ ಮಾಡುವ ಬೈಂಡರ್‌ನ ಐಡೆಂಟಿಫೈ ಸ್ಟೇಟ್‌ಮೆಂಟ್ ಬಳಸಿ: ಮೊದಲ ಕಾಲಂ ಖಾಲಿ, ಆಮೇಲೆ ಐಡೆಂಟಿಫೈ, ಸಿಸೆಕ್ಟ್ ಹೆಸರು, ಅದಕ್ಕೆ ಅಂಟಿದ ಆವರಣದಲ್ಲಿ ಒಂಟಿ ಉದ್ಧರಣ ಚಿಹ್ನೆಗಳ ನಡುವೆ ನಿಮ್ಮ ಗುರುತು. 40 ಅಕ್ಷರದೊಳಗೆ ಮುಗಿಸಿ. ಆ ಸಿಸೆಕ್ಟ್ ಇರುವ ಆಬ್ಜೆಕ್ಟ್ ಅಥವಾ ಇನ್‌ಕ್ಲೂಡ್ ಬಂದ ನಂತರವೇ ಈ ಸಾಲು ಬರಬೇಕು. ಮೊದಲೇ ಬಂದರೆ ಅಂಟುವುದಕ್ಕೆ ಸಿಸೆಕ್ಟೇ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಪ್ರೋಗ್ರಾಂ-ಐಡಿಯಲ್ಲಿ (ಸೋರ್ಸ್‌ನಲ್ಲಿ ಪ್ರೋಗ್ರಾಂಗೆ ಕೊಟ್ಟ ಹೆಸರು) ಹೈಫನ್ ಇದ್ದರೆ ಕಂಪೈಲರ್‌ನ ಪಿಜಿಎಂನೇಮ್ (ಕಾಂಪ್ಯಾಟ್) ಆಯ್ಕೆಯಲ್ಲಿ ಅದರ ಜಾಗಕ್ಕೆ ಸೊನ್ನೆ ಬರುತ್ತದೆ, ಎಂಟು ಅಕ್ಷರ ಮೀರಿದ್ದು ಕತ್ತರಿಸಿಹೋಗುತ್ತದೆ. ಐಡೆಂಟಿಫೈಗೆ ಬೇಕಾದದ್ದು ಈ ಬದಲಾದ ಹೆಸರು. ಬೈಂಡರ್ ಮ್ಯಾಪ್ (ಬೈಂಡರ್ ಮುದ್ರಿಸುವ ಸಿಸೆಕ್ಟ್‌ಗಳ ಪಟ್ಟಿ) ನೋಡಿ ಬರೆಯಿರಿ.

ಗುರುತನ್ನು ಪ್ರೋಗ್ರಾಮರ್ ಕೈಯಿಂದ ಬರೆಸಬೇಡಿ, ಮರೆತೇ ಮರೆಯುತ್ತಾರೆ. ಬಿಲ್ಡ್ ಜಾಬ್‌ನಲ್ಲೇ ಸಿಂಬಲ್ (ಆಂಪರ್‌ಸೆಂಡ್‌ನಿಂದ ಶುರುವಾಗುವ, ಬೆಲೆ ತುಂಬಿಕೊಳ್ಳುವ ಹೆಸರು) ಇಟ್ಟು ತುಂಬಿಸಿ. ಐಡೆಂಟಿಫೈ ಬರುವ ಡಿಡಿ ಸಾಲಿನಲ್ಲಿ ಸಿಂಬಲ್ಸ್=ಜೆಸಿಎಲ್‌ಓನ್ಲಿ ಬೇಕು; ಸಿಂಬಲನ್ನು ಅಲ್ಲಿಗೆ ಒದಗಿಸುವ ಎಕ್ಸ್‌ಪೋರ್ಟ್ ಸಾಲು, ಬೆಲೆ ಕೊಡುವ ಸೆಟ್‌ಗಿಂತ ಮೊದಲು ಬರಬೇಕು. ಇಲ್ಲದಿದ್ದರೆ ಆಂಪರ್‌ಸೆಂಡ್ ಚಿಹ್ನೆಯೇ ಗುರುತಾಗಿ ಕೂತಿರುತ್ತದೆ!

ವರ್ಕಿಂಗ್-ಸ್ಟೋರೇಜ್ ಗುರುತಿನ ಕಷ್ಟವೆಂದರೆ, ಎಸ್‌ಟಿಜಿಆಪ್ಟ್ ಎಂಬ ಕಂಪೈಲರ್ ಆಯ್ಕೆ ಹಾಕಿದರೆ ಎಲ್ಲೂ ಬಳಸದ 01 ಮಟ್ಟದ ಐಟಂ ಅನ್ನು ಕಂಪೈಲರ್ ತೆಗೆದುಬಿಡಬಹುದು. ಆದರೂ ಇರಲಿ: ಐಡಿಆರ್ ಮೆಮೊರಿಗೆ ಲೋಡ್ ಆಗುವುದಿಲ್ಲ, ಪ್ರೋಗ್ರಾಂ ಅಬೆಂಡ್ ಆಗಿ ನಡುವೆ ನಿಂತಾಗ ಮೆಮೊರಿಯ ಡಂಪ್‌ನಲ್ಲಿ ಕಾಣುವುದು ಈ ಗುರುತೇ.

ಪ್ರಶ್ನೆ: ಬೈಂಡರ್‌ನ ಸೆಟ್‌ಎಸ್‌ಎಸ್‌ಐ ಸ್ಟೇಟ್‌ಮೆಂಟ್ ಸಾಕಲ್ಲವೇ? ಜ್ಯಾಪ್ ಮಾಡಿದ (ಮತ್ತೆ ಕಂಪೈಲ್ ಮಾಡದೆ ಮಾಡ್ಯೂಲನ್ನೇ ತಿದ್ದಿದ) ಗುರುತು ಉಳಿಯುತ್ತದೆಯೇ?

ಉತ್ತರ: ಸೆಟ್‌ಎಸ್‌ಎಸ್‌ಐ ಕೊಡುವ ಎಂಟು ಹೆಕ್ಸ್ ಅಂಕಿಗಳು ಲೈಬ್ರರಿ ಡೈರೆಕ್ಟರಿಯಲ್ಲಿ ಮೆಂಬರ್‌ಗೆ ಸೇರಿದವು, ಸಿಸೆಕ್ಟ್‌ಗಲ್ಲ. ಹತ್ತು ಮಾಡ್ಯೂಲ್‌ಗಳೊಳಗಿನ ಉಪಪ್ರೋಗ್ರಾಂ ಬಗ್ಗೆ ಅವು ಏನೂ ಹೇಳವು. ಜ್ಯಾಪ್ ಮಾಡುವ ಎಸ್‌ಪಿಜ್ಯಾಪ್ ಆದರೋ ಐಡಿಆರ್‌ನಲ್ಲಿ ದಿನಾಂಕ ಬರೆಯುತ್ತದೆ. ಐಡಿಆರ್‌ಡೇಟಾ ಕೊಟ್ಟರೆ ನಿಮ್ಮ 8 ಅಕ್ಷರವನ್ನೂ ಸೇರಿಸುತ್ತದೆ, ಆರ್‌ಇಪಿ (ಬೈಟ್‌ಗಳನ್ನು ಬದಲಿಸುವ ಆದೇಶ) ನಡೆದಿದ್ದರೆ ಮಾತ್ರ. ಲಿಸ್ಟ್‌ಐಡಿಆರ್‌ಗೆ ಔಟ್‌ಪುಟ್=ಐಡೆಂಟ್ ಎಂದು ಕೊಟ್ಟರೆ ಜ್ಯಾಪ್ ಮತ್ತು ಐಡೆಂಟಿಫೈ ಗುರುತುಗಳಷ್ಟೇ ಬರುತ್ತವೆ.